ಎರಡೂವರೆ ಗುಂಟೆಯ ಸುಖ



ಬ್ರಿಟನ್ ಎಂದೊಡನೆ ನಮಗೆ ನೆನಪಾಗುವುದು ಅರಮನೆ, ಪಾರ್ಲಿಮೆಂಟು, ಲಾರ್ಡ್ಸ್ ಮೈದಾನ. ಅವಕ್ಕಿಂತ ಮೊದಲು ನಮ್ಮನ್ನಾಳಿದ ಕಂಪನಿ ಸರ್ಕಾರ. ಇಂದು ನಾನು ಬೇರೊಂದು ಬ್ರಿಟನ್ನಿನ ಮಾತು ಎತ್ತಿಕೊಂಡಿದ್ದೇನೆ. ಅಲ್ಲಿನ ಊರುಗಳಿಗೆ ರೈಲಿನಲ್ಲಿ ಹೋಗುವವರು ನಿಲ್ದಾಣ ಹತ್ತಿರವಾದಾಗ ಕಿಟಕಿಯಾಚೆ ನೋಡಬೇಕು. ಹಳಿಯ ಪಕ್ಕದ ಇಳುಕಲಿನಲ್ಲಿ ಹಳೆಯ ಬಾಗಿಲು ಕಿಟಕಿಗಳನ್ನು ಜೋಡಿಸಿ ಕಟ್ಟಿದ ಶೆಡ್ಡುಗಳು, ಬಿದಿರುಕೋಲುಗಳ ಮೇಲೆ ಹಬ್ಬಿದ ಬೀನ್ಸ್ ಬಳ್ಳಿ, ಮಳೆನೀರಿನ ಪೀಪಾಯಿ, ಮೊಣಕಾಲೂರಿ ಕಳೆ ಕೀಳುವ ಜನ. ಇವಕ್ಕೆ ಅಲಾಟ್‌ಮೆಂಟ್ ಎನ್ನುತ್ತಾರೆ. ಸ್ವಂತ ಹಿತ್ತಿಲು ಇಲ್ಲದವರಿಗೆ, ಅಥವಾ ಇದ್ದರೂ ಸಾಲದವರಿಗೆ, ಊರಾಡಳಿತ ಕಡಿಮೆ ಬಾಡಿಗೆಗೆ ಕೊಡುವ ತರಕಾರಿ ತಾಕುಗಳು ಇವು. ಅಲ್ಲಿ ಬೆಳೆದದ್ದು ಮನೆಯ ಒಲೆಗೆ ಬರುತ್ತದೆ. ಚೆನ್ನಾಗಿ ಬಂದದ್ದು ಊರ ಪ್ರದರ್ಶನದ ಮೇಜಿಗೆ ಹೋಗುತ್ತದೆ. ಮಿಕ್ಕಿದ್ದು ನೆರೆಮನೆಯ ಹೊಸ್ತಿಲಿಗೆ.

ಅಡುಗೆ, ಕೈತೋಟ, ಊರಹಬ್ಬ ಎಂದರೆ ಬಿಡುವಿದ್ದವರ ಹವ್ಯಾಸ ಎಂಬ ಭಾವನೆ ಇದೆ. ಬ್ರಿಟನ್ನಿನ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮನದಟ್ಟಾದದ್ದು ಇದಕ್ಕೆ ತೀರ ಬೇರೆಯಾದ ಸಂಗತಿ. ಸಾಮಾನ್ಯ ಮನುಷ್ಯನ ಈ ಚಿಕ್ಕ ಸುಖಗಳ ಅಡಿಯಲ್ಲಿ ಕಿತ್ತುಕೊಂಡ ನೆಲದ ದುಃಖವಿದೆ, ಮರಳಿ ಪಡೆದ ಹಕ್ಕಿದೆ, ಆ ಹಕ್ಕನ್ನು ಕಾಯುವ ಕಾನೂನಿದೆ. ಇಂದಿನ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಅಷ್ಟೇ.

ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ನಮ್ಮ ಗೋಮಾಳಗಳಂತೆ ಊರಿಗೆಲ್ಲ ಸೇರಿದ ಬಯಲುಗಳಿದ್ದವು. ಬಡವನೊಬ್ಬ ಅಲ್ಲಿ ಹಸು ಮೇಯಿಸಬಹುದಿತ್ತು, ಸೌದೆ ಆರಿಸಬಹುದಿತ್ತು, ಹೆಬ್ಬಾತು ಸಾಕಬಹುದಿತ್ತು. 1604ರಿಂದ 1914ರವರೆಗೆ ಪಾರ್ಲಿಮೆಂಟು 5200ಕ್ಕೂ ಹೆಚ್ಚು ಮಸೂದೆಗಳ ಮೂಲಕ ಇಂಥ ಬಯಲುಗಳಿಗೆ ಬೇಲಿ ಹಾಕಿಸಿತು. ಸುಮಾರು 68 ಲಕ್ಷ ಎಕರೆ ಹೀಗೆ ಖಾಸಗಿ ಒಡೆತನಕ್ಕೆ ಹೋಯಿತು. ನೆಲ ಕಳೆದುಕೊಂಡವರು ಕೂಲಿಯಾಳುಗಳಾದರು, ಬಹಳಷ್ಟು ಜನ ಮ್ಯಾಂಚೆಸ್ಟರಿನಂಥ ಗಿರಣಿ ಊರುಗಳನ್ನು ಸೇರಿದರು. 1845ರ ಬೇಲಿ ಕಾಯಿದೆಯಲ್ಲಿ ಭೂಹೀನ ಬಡವರಿಗಾಗಿ ಒಂದಿಷ್ಟು ತೋಟದ ನೆಲವನ್ನು ಬಿಡಬೇಕೆಂಬ ಮಾತು ಸೇರಿತು. ಸೇರಿದ್ದೇನೋ ನಿಜ, ಬಿಟ್ಟದ್ದು ಅತ್ಯಲ್ಪ. 1887ರಲ್ಲಿ ಮೊದಲ ಬಾರಿಗೆ, ಜನ ಕೇಳಿದರೆ ನೆಲ ಒದಗಿಸುವ ಹೊಣೆ ಸ್ಥಳೀಯ ಆಡಳಿತದ ಮೇಲೆ ಬಿತ್ತು. 1908ರ ಕಾಯಿದೆ ಇದನ್ನು ಗಟ್ಟಿ ಮಾಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಲಂಡನ್ನಿನ ಒಳಭಾಗವನ್ನು ಬಿಟ್ಟರೆ, ಆರು ಮಂದಿ ಮತದಾರರು ಅಥವಾ ತೆರಿಗೆ ಕಟ್ಟುವವರು ಸಹಿ ಹಾಕಿ ನಮಗೆ ತೋಟದ ನೆಲ ಬೇಕು ಎಂದು ಬರೆದುಕೊಟ್ಟರೆ ಆಡಳಿತ ಅದನ್ನು ಇಂದಿಗೂ ಪರಿಗಣಿಸಲೇಬೇಕು. ಅಂಥ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ ಎಂದು 1925ರ ಕಾಯಿದೆ ಹೇಳಿತು. ಈ ತಾಕುಗಳಲ್ಲಿ ಕೋಳಿ, ಮೊಲ ಸಾಕುವುದನ್ನು ಯಾರೂ ಸುಮ್ಮನೆ ತಡೆಯುವಂತಿಲ್ಲ ಎಂದು 1950ರ ಕಾಯಿದೆ. ಒಂದು ದೇಶದ ಶಾಸನಸಭೆ ಬಡವನ ಕೋಳಿಗೂಡಿನ ತನಕ ಯೋಚಿಸಿತಲ್ಲ ಎಂದು ನನಗೆ ಆ ಕಾಯಿದೆಯ ಮೇಲೆ ತುಂಬ ಗೌರವ.

ಒಂದು ಪೂರ್ಣ ತಾಕಿನ ಅಳತೆಯನ್ನು ಇವತ್ತಿಗೂ ಹಳೆಯ ಮಾನದಲ್ಲೇ ಹೇಳುತ್ತಾರೆ: ಹತ್ತು ರಾಡ್. ಅದು ಎಕರೆಯ ಹದಿನಾರನೆಯ ಒಂದು ಪಾಲು. ನಮ್ಮ ಲೆಕ್ಕಕ್ಕೆ ತಂದರೆ ಸರಿಯಾಗಿ ಎರಡೂವರೆ ಗುಂಟೆ. ಒಂದು ಸಂಸಾರಕ್ಕೆ ವರ್ಷದ ಬಹುಪಾಲು ತರಕಾರಿ ಕೊಡಬಲ್ಲ ನೆಲ, ದುಡಿಯುವವನ ಸಂಜೆಗಳಿಗೆ ಸಾಕಾಗುವಷ್ಟು ಕೆಲಸ. ನಾಟಿಂಗ್‌ಹ್ಯಾಮಿನ ಸೇಂಟ್ ಆ್ಯನ್ಸ್‌ನಲ್ಲಿ ಸುಮಾರು 75 ಎಕರೆಯ ಗುಡ್ಡವೊಂದು ಇಡಿಯಾಗಿ ಇಂಥ ತೋಟಗಳಿಂದಲೇ ತುಂಬಿದೆ. ಎತ್ತರದ ಹಸಿರು ಬೇಲಿ, ಒಂದೊಂದು ತೋಟಕ್ಕೂ ಒಂದೊಂದು ಗೇಟು, ಕೆಲವೆಡೆ ವಿಕ್ಟೋರಿಯಾ ಕಾಲದ ಇಟ್ಟಿಗೆಯ ಪುಟ್ಟ ಬೇಸಿಗೆಮನೆ. ದೊರೆಗಳ ಉದ್ಯಾನಗಳನ್ನು ಪಾರಂಪರಿಕ ಪಟ್ಟಿಗೆ ಸೇರಿಸುವ ಹಾಗೆಯೇ ಈ ಬದನೆ, ಬೀನ್ಸಿನ ಗುಡ್ಡವನ್ನೂ ಆ ಪಟ್ಟಿಗೆ ಸೇರಿಸಿದ್ದಾರೆ.

ಈ ನೆಲದ ಬೆಲೆ ಇಡೀ ದೇಶಕ್ಕೆ ಗೊತ್ತಾದದ್ದು ಎರಡನೆಯ ಮಹಾಯುದ್ಧದಲ್ಲಿ. ಹಡಗುಗಳಲ್ಲಿ ಬರುತ್ತಿದ್ದ ಆಹಾರಕ್ಕೆ ಜರ್ಮನಿಯ ಜಲಾಂತರ್ಗಾಮಿಗಳು ಅಡ್ಡ ನಿಂತವು. 1939ರ ಅಕ್ಟೋಬರಿನಲ್ಲಿ ಕೃಷಿ ಮಂತ್ರಿ ರೆಜಿನಾಲ್ಡ್ ಡಾರ್ಮನ್-ಸ್ಮಿತ್ ರೇಡಿಯೋದಲ್ಲಿ ಮಾತನಾಡಿ, ಇನ್ನೂ ಐದು ಲಕ್ಷ ಅಲಾಟ್‌ಮೆಂಟುಗಳು ಬೇಕೆಂದು ಕೇಳಿಕೊಂಡರು. ಲಂಡನ್ ಟವರಿನ ಕಂದಕದಲ್ಲಿ ತರಕಾರಿ ಎದ್ದಿತು. ಬೆಥ್ನಲ್ ಗ್ರೀನ್ ಬಡಾವಣೆಯಲ್ಲಿ ಬಾಂಬು ಬಿದ್ದು ನೆಲಸಮವಾದ ಜಾಗಗಳಲ್ಲಿ ಇಟ್ಟಿಗೆಚೂರುಗಳನ್ನು ಆಯ್ದು ಹಾಕಿ ಜನ ಕೋಸು ನೆಟ್ಟರು. ಯುದ್ಧದ ನಡುವೆ ತಾಕುಗಳ ಸಂಖ್ಯೆ 14 ಲಕ್ಷದ ಹತ್ತಿರ ಹೋಯಿತು. ಪಡಿತರ 1940ರ ಜನವರಿ 8ರಂದು ಶುರುವಾಗಿ 1954ರ ಜುಲೈ 4ರ ತನಕ ನಡೆಯಿತು. ಯುದ್ಧ ಮುಗಿದ ಮೇಲೂ ಒಂಬತ್ತು ವರ್ಷ! ಆಹಾರ ಮಂತ್ರಿ ಲಾರ್ಡ್ ವೂಲ್ಟನ್ ಹೆಸರಿನ ಕಡುಬೊಂದು ಆಗ ಮನೆಮನೆಯಲ್ಲೂ ಬೇಯುತ್ತಿತ್ತು: ಆಲೂಗಡ್ಡೆ, ಕ್ಯಾರೆಟ್, ಹೂಕೋಸು, ಸ್ವೀಡ್ ಗೆಡ್ಡೆ, ಒಂದಿಷ್ಟು ಓಟ್ಸ್, ಮಾಂಸದ ಸುಳಿವಿಲ್ಲ. ಅದರ ಪಾಕವನ್ನು ರೂಪಿಸಿದವನು ಸವಾಯ್ ಎಂಬ ದೊಡ್ಡ ಹೋಟೆಲಿನ ಮುಖ್ಯ ಬಾಣಸಿಗ.

ಮಹಿಳೆಯರ ಕೆಲಸವನ್ನು ಇಲ್ಲಿ ಬೇರೆಯಾಗಿಯೇ ನೆನೆಯಬೇಕು. 1915ರಲ್ಲಿ ವೇಲ್ಸಿನ ಆಂಗ್ಲಸಿ ದ್ವೀಪದ ಒಂದು ಹಳ್ಳಿಯಲ್ಲಿ ಬ್ರಿಟನ್ನಿನ ಮೊದಲ ವಿಮೆನ್ಸ್ ಇನ್‌ಸ್ಟಿಟ್ಯೂಟ್, ಅಂದರೆ ಹೆಂಗಸರ ಸಂಘ, ಆರಂಭವಾಯಿತು. 1940ರಲ್ಲಿ ಹಣ್ಣು ಹೇರಳವಾಗಿ ಬಂದಾಗ, ಕೊಳೆತು ಹಾಳಾಗದಿರಲೆಂದು ಸರ್ಕಾರ ಇಂಥ ಸಂಘಗಳಿಗೆ ಪ್ರತ್ಯೇಕವಾಗಿ ಸಕ್ಕರೆ ಕೊಟ್ಟಿತು. ಹಳ್ಳಿಯ ಸಭಾಭವನಗಳಲ್ಲಿ, ಯಾರದೋ ಹಿತ್ತಿಲ ಅಡುಗೆಮನೆಗಳಲ್ಲಿ ಹೆಂಗಸರು ಆ ವರ್ಷ 1600 ಟನ್ನಿಗೂ ಹೆಚ್ಚು ಜಾಮ್ ಮಾಡಿದರು. ಯುದ್ಧದ ಇತಿಹಾಸ ಬರೆಯುವವರು ಇದಕ್ಕೆ ಒಂದು ಪ್ಯಾರಾ ಕೊಟ್ಟರೆ ಹೆಚ್ಚು. ಒಂದು ಅಧ್ಯಾಯಕ್ಕೇ ತಕ್ಕ ಕೆಲಸ ಅದು.

ಇನ್ನು ಅಡುಗೆಮನೆಗೆ ಬರೋಣ. ಇಂಗ್ಲಿಷರ ಅಡುಗೆ ಸಪ್ಪೆ ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ಹೋಟೆಲಿನ ಊಟವನ್ನೋ ಪೊಟ್ಟಣದ ತಿಂಡಿಯನ್ನೋ ನೋಡಿ ಆಡಿದ ಮಾತು ಅದು. ಮನೆಯ ಅಡುಗೆ ಋತುವಿಗೆ ಕಟ್ಟಿಕೊಂಡದ್ದು. ಋತು ತಿಳಿಯದೆ ಅದರ ರುಚಿ ತಿಳಿಯುವುದಿಲ್ಲ. ಜನವರಿಯನ್ನೇ ತೆಗೆದುಕೊಳ್ಳಿ. ನಾಲ್ಕು ಗಂಟೆಗೆ ಕತ್ತಲು, ತೋಟದಲ್ಲಿ ಈರುಳ್ಳಿ ಜಾತಿಯ ಲೀಕ್ ಮತ್ತು ಕೇಲ್ ಸೊಪ್ಪು ಬಿಟ್ಟರೆ ಹೇಳಿಕೊಳ್ಳುವಂಥದೇನಿಲ್ಲ. ಆ ಹೊತ್ತಿಗೆ ಸ್ಪೇನಿನ ಸೆವಿಲ್ ಊರಿನ ಕಹಿ ಕಿತ್ತಳೆ ಕೆಲವೇ ವಾರಗಳ ಮಟ್ಟಿಗೆ ಅಂಗಡಿಗೆ ಬರುತ್ತದೆ. ಹಾಗೇ ತಿನ್ನಲಾಗದ ಹಣ್ಣು ಅದು. ಅದರಿಂದ ಮಾರ್ಮಲೇಡ್ ಮಾಡುತ್ತಾರೆ.

ವಿಧಾನವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಸೊಗಸೆಲ್ಲ ಅದರ ತಾಳ್ಮೆಯಲ್ಲಿದೆ. ರಸ ಹಿಂಡಿ, ಸಿಪ್ಪೆಯನ್ನು ಎಳೆಯೆಳೆಯಾಗಿ ಹೆಚ್ಚಿ, ಎರಡನ್ನೂ ನೀರಿಗೆ ಹಾಕಬೇಕು. ಬೀಜ ಮತ್ತು ಬಿಳಿ ತಿರುಳನ್ನು ಎಸೆಯಬಾರದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಅದೇ ನೀರಿನಲ್ಲಿ ಬಿಡಬೇಕು. ಹೆಪ್ಪುಗಟ್ಟಿಸುವ ಪೆಕ್ಟಿನ್ ಇರುವುದು ಅಲ್ಲೇ. ರಾತ್ರಿಯೆಲ್ಲ ನೆನೆದದ್ದನ್ನು ಮರುದಿನ ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿ, ಸಿಪ್ಪೆ ಬೆರಳ ನಡುವೆ ನುರಿಯುವಷ್ಟು ಮೆತ್ತಗಾದ ಮೇಲೆಯೇ ಸಕ್ಕರೆ ಹಾಕಬೇಕು. ಮೊದಲೇ ಹಾಕಿದರೆ ಸಿಪ್ಪೆ ಗಟ್ಟಿಯಾಗಿಯೇ ಉಳಿಯುತ್ತದೆ, ಮತ್ತೆ ಎಷ್ಟು ಕುದಿಸಿದರೂ ಬೇಯದು. ಅನಂತರ ಭರ್ಜರಿ ಕುದಿ. ಶಾಖ 104 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಫ್ರೀಜರಿನಲ್ಲಿಟ್ಟ ತಟ್ಟೆಯ ಮೇಲೆ ಒಂದು ಚಮಚ ಬಿಟ್ಟು ಬೆರಳಿನಿಂದ ತಳ್ಳಿ ನೋಡುತ್ತಾರೆ. ಮೇಲ್ಮೈ ಸುಕ್ಕಾದರೆ ಹದ ಬಂತು. ನಮ್ಮ ಮನೆಗಳಲ್ಲಿ ಬೆರಳ ನಡುವೆ ಎಳೆ ಪಾಕ ನೋಡಿ ಹೆಂಗಸರು ಒಲೆ ಆರಿಸುವುದೂ ಇದೇ ವಿದ್ಯೆ. ಶೀಶೆಗಳಿಗೆ ತುಂಬಿ, ಚೀಟಿ ಅಂಟಿಸಿ, ಇಸವಿ ಬರೆದಿಟ್ಟರೆ ವರ್ಷವಿಡೀ ಬೆಳಗಿನ ಬ್ರೆಡ್ಡಿಗೆ ಆಯಿತು. ಸ್ಕಾಟ್ಲೆಂಡಿನ ಡಂಡೀ ಊರಿನ ಕೀಲರ್ ಮನೆತನ 1797ರಲ್ಲಿ ಇದನ್ನು ವ್ಯಾಪಾರಕ್ಕಿಳಿಸಿ ಹೆಸರು ಮಾಡಿತು. ಆದರೂ ಮನೆಯಲ್ಲಿ ಮಾಡುವವರು ಬಿಟ್ಟಿಲ್ಲ. ಕಂಬ್ರಿಯಾದ ಡೇಲ್‌ಮೇನ್ ಎಂಬ ಹಳೆಯ ಬಂಗಲೆಯಲ್ಲಿ 2005ರಲ್ಲಿ ಆರಂಭವಾದ ಮಾರ್ಮಲೇಡ್ ಸ್ಪರ್ಧೆಗೆ ಈಗ ಜಪಾನಿನಿಂದಲೂ ಶೀಶೆಗಳು ಬರುತ್ತವೆ.

ಮಾರ್ಮಲೇಡ್ ಮುಗಿಯುವ ಹೊತ್ತಿಗೆ ಯಾರ್ಕ್‌ಷೈರಿನ ವೇಕ್‌ಫೀಲ್ಡ್ ಸುತ್ತಿನ ಕತ್ತಲೆ ಶೆಡ್ಡುಗಳಲ್ಲಿ ರೂಬಾರ್ಬ್ ಬೆಳೆಯುತ್ತಿರುತ್ತದೆ. ಬೆಳಕು ತಾಕಿದರೆ ದಂಟು ಒರಟಾಗುತ್ತದೆಂದು ಮೇಣದ ಬತ್ತಿಯ ಬೆಳಕಿನಲ್ಲೇ ಕೊಯ್ಲು. ಸದ್ದಿಲ್ಲದೆ ನಿಂತರೆ ಮೊಗ್ಗು ಒಡೆಯುವ ಚಿಟಪಟ ಕೇಳಿಸುತ್ತದೆ. ಆ ಗುಲಾಬಿ ದಂಟನ್ನು ಸಕ್ಕರೆಯಲ್ಲಿ ಬೇಯಿಸಿ, ಬೆಣ್ಣೆ ಮತ್ತು ಹಿಟ್ಟು ಉದುರುದುರಾಗಿ ಉಜ್ಜಿ ಮೇಲೆ ಹರಡಿ ಒಲೆಗಿಟ್ಟರೆ ಕ್ರಂಬಲ್. ಅದರ ಜೊತೆಗೆ ಬಿಸಿ ಕಸ್ಟರ್ಡ್. ನಮ್ಮ ಅಡುಗೆಮನೆಗಳಿಗೂ ಬಂದು ಫ್ರೂಟ್ ಸಲಾಡಿನಲ್ಲಿ ಸೇರಿಹೋದ ಕಸ್ಟರ್ಡ್ ಪುಡಿಯ ಹಿಂದೆ ಒಂದು ಪ್ರೀತಿಯ ಸಂಗತಿಯಿದೆ. ಬರ್ಮಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿ ಆಲ್‌ಫ್ರೆಡ್ ಬರ್ಡ್‌ನ ಹೆಂಡತಿ ಎಲಿಜಬೆತ್‌ಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಅವಳಿಗಾಗಿ ಅವನು 1837ರಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಮಾಡಿದ. ಯೀಸ್ಟೂ ಆಗುತ್ತಿರಲಿಲ್ಲ; 1843ರಲ್ಲಿ ಬೇಕಿಂಗ್ ಪೌಡರ್ ತಯಾರಿಸಿದ. ಲೋಕದ ಎಷ್ಟೋ ಅಡುಗೆಮನೆಗಳಲ್ಲಿ ಇಂದು ಕೇಕು ಉಬ್ಬುವುದು ಒಬ್ಬ ಗಂಡ ತನ್ನ ಹೆಂಡತಿಯ ಊಟದ ಬಗ್ಗೆ ತಲೆಕೆಡಿಸಿಕೊಂಡದ್ದರಿಂದ.

ಪ್ರದರ್ಶನದ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲಿಸುವುದು ಕಷ್ಟ. ಆಗಸ್ಟ್ ತಿಂಗಳು ಬಂತೆಂದರೆ ಹಳ್ಳಿಹಳ್ಳಿಯಲ್ಲೂ ಬಿಳಿ ಡೇರೆ ಏಳುತ್ತದೆ. ಒಳಗೆ ಉದ್ದನೆಯ ಮೇಜುಗಳ ಮೇಲೆ ಕಾಗದದ ತಟ್ಟೆಗಳಲ್ಲಿ ಒಂದೇ ಗಾತ್ರದ ಮೂರು ಈರುಳ್ಳಿ, ಐದು ಬೀನ್ಸ್, ಹೂದಾನಿಯಲ್ಲಿ ಸ್ವೀಟ್ ಪೀ ಹೂ, ಮಕ್ಕಳು ತರಕಾರಿಯಲ್ಲಿ ಮಾಡಿದ ಪ್ರಾಣಿಗಳು. ಈರುಳ್ಳಿಯ ಕತ್ತನ್ನು ನಾರಿನಿಂದ ಬಿಗಿದು ಕಟ್ಟಿರಬೇಕು. ವಿಕ್ಟೋರಿಯಾ ಸ್ಪಂಜ್ ಕೇಕಿನ ನಡುವೆ ರಾಸ್ಬೆರಿ ಜಾಮ್ ಮಾತ್ರ ಇರಬೇಕು, ಕ್ರೀಮ್ ಕೂಡದು, ಮೇಲೆ ತಂತಿ ಜಾಲರಿಯ ಗುರುತು ಬಿದ್ದಿರಬಾರದು. ಐದರ ಬದಲು ಆರು ಬೀನ್ಸ್ ಇಟ್ಟವರ ಚೀಟಿಯ ಮೇಲೆ ತೀರ್ಪುಗಾರರು ‘ಎನ್.ಎ.ಎಸ್.’ ಎಂದು ಬರೆದು ಮುಂದೆ ಹೋಗುತ್ತಾರೆ; ನಿಯಮದಂತಿಲ್ಲ ಎಂದರ್ಥ, ಬಹುಮಾನವಿಲ್ಲ. ಈ ಕಟ್ಟುನಿಟ್ಟು ಹೊರಗಿನವರಿಗೆ ಅತಿಯೆನಿಸಬಹುದು. ನನಗೆ ಹಾಗನ್ನಿಸಿಲ್ಲ. ವರ್ಷವಿಡೀ ಯಾರ ಕಣ್ಣಿಗೂ ಬೀಳದೆ ಕೆಲಸ ಮಾಡುವ ಅಂಚೆಯವನೋ ನರ್ಸಮ್ಮನೋ ಆ ದಿನ ಊರಿನ ಮುಂದೆ ತನ್ನ ಕೈಯ ಕೆಲಸವನ್ನು ಇಡುತ್ತಾರೆ. ಅದನ್ನು ಗಂಭೀರವಾಗಿ ನೋಡಿ ತೂಗುವುದೇ ಅವರಿಗೆ ಸಲ್ಲಿಸುವ ಮರ್ಯಾದೆ.

ಉತ್ತರ ಯಾರ್ಕ್‌ಷೈರಿನ ಎಗ್ಟನ್ ಬ್ರಿಜ್‌ನಲ್ಲಿ 1800ರಿಂದ ಗೂಸ್‌ಬೆರಿ ಹಣ್ಣಿನ ಪ್ರದರ್ಶನ ನಡೆದುಬಂದಿದೆ. ಆಗಸ್ಟಿನ ಮೊದಲ ಮಂಗಳವಾರ ಹಣ್ಣುಗಳನ್ನು ಚಿನ್ನ ತೂಗಿದಷ್ಟು ಜೋಪಾನವಾಗಿ ತೂಗುತ್ತಾರೆ. 2019ರಲ್ಲಿ ಅಲ್ಲಿ ತೂಗಿದ ಒಂದು ಹಣ್ಣು 64.83 ಗ್ರಾಂ ಬಂದು ವಿಶ್ವದಾಖಲೆಯಾಯಿತು. ಈಶಾನ್ಯದ ಡರಂ, ನಾರ್ಥಂಬರ್ಲ್ಯಾಂಡ್ ಕಡೆಯ ಕಲ್ಲಿದ್ದಲ ಗಣಿ ಊರುಗಳಲ್ಲಿ ಲೀಕ್ ಬೆಳೆಯ ಪೈಪೋಟಿ. ಹಗಲೆಲ್ಲ ನೆಲದಡಿಯ ಕತ್ತಲಲ್ಲಿ ದುಡಿದವರು ಮೇಲೆ ಬಂದು ತೋಳುಗಾತ್ರದ ಲೀಕ್ ಬೆಳೆದರು, ಅದರ ತಳಿಯ ಗುಟ್ಟನ್ನು ಮಗನಿಗೆ ಮಾತ್ರ ಹೇಳಿದರು. ಆ ಕಡೆಯ ಆಷಿಂಗ್ಟನ್ ಊರಿನ ಗಣಿ ಕಾರ್ಮಿಕರು 1934ರಲ್ಲಿ ಕಲಾ ತರಗತಿಗೆ ಸೇರಿ ಚಿತ್ರ ಬರೆಯಲು ತೊಡಗಿದಾಗ ಅವರ ಕುಂಚಕ್ಕೆ ಗಣಿಯ ಜೊತೆ ಈ ತೋಟಗಳೂ ವಸ್ತುವಾದವು. ಗಣಿಗಳು ಮುಚ್ಚಿದವು. ಲೀಕ್ ಪ್ರದರ್ಶನಗಳು ಕೆಲವೆಡೆ ಉಳಿದಿವೆ.

ಈ ತೋಟಗಾರಿಕೆಯ ಒಂದು ಎಳೆ ನಮ್ಮ ಬೆಂಗಳೂರಿನವರೆಗೂ ಬಂದಿದೆ. 1874ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಾನ್ ಕ್ಯಾಮರಾನ್ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿದವರು. ನಮ್ಮ ಸಾಂಬಾರಿನ ಸೀಮೆಬದನೆ ಅವರ ಕಾಲದ್ದು. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಕೂಡ ಕ್ಯೂನಲ್ಲಿ ಕೆಲಸ ಮಾಡಿದ್ದವರು. ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೆ ಟಿಕೆಟ್ ಕೊಂಡು ಹೋಗುವ ನಮಗೆ, ಆ ಹಳ್ಳಿ ಡೇರೆಯೂ ಅದರ ನಂಟೇ ಎಂಬುದು ತಿಳಿದಿರಲಿ.

ಹಬ್ಬಗಳು ಅಲ್ಲಿ ಅನೇಕ, ಎಲ್ಲವನ್ನೂ ಹೇಳಲಾರೆ. ಬಕಿಂಗ್‌ಹ್ಯಾಮ್‌ಷೈರಿನ ಆಲ್ನಿಯಲ್ಲಿ ಹೆಂಗಸರು ಬಾಣಲೆಯಲ್ಲಿ ಪ್ಯಾನ್‌ಕೇಕ್ ಹಾರಿಸುತ್ತ 415 ಗಜ ಓಡುತ್ತಾರೆ. ಆ ಓಟ 1445ರಲ್ಲಿ ಶುರುವಾಯಿತೆಂದು ಊರವರ ನಂಬಿಕೆ. ಸಾಮರ್ಸೆಟ್‌ನ ಕಾರ್‌ಹ್ಯಾಂಪ್ಟನ್‌ನಲ್ಲಿ ಜನವರಿ 17ರ ರಾತ್ರಿ ಸೇಬಿನ ಮರಕ್ಕೆ ಪೂಜೆಯೆಂದೇ ಹೇಳಬಹುದಾದ ಆಚರಣೆ. ಬೇರಿಗೆ ಸೈಡರ್ ಎಂಬ ಸೇಬಿನ ಮದ್ಯ ಸುರಿದು, ಕೊಂಬೆಗಳಲ್ಲಿ ಬ್ರೆಡ್ಡಿನ ತುಂಡು ಸಿಕ್ಕಿಸಿ, ಹಾಡಿ, ದುಷ್ಟಶಕ್ತಿಗಳು ಓಡಲೆಂದು ಬಂದೂಕು ಹಾರಿಸುತ್ತಾರೆ. 1752ರಲ್ಲಿ ದೇಶ ಪಂಚಾಂಗ ಬದಲಿಸಿ ಹನ್ನೊಂದು ದಿನ ಬಿಟ್ಟರೂ ಮರಕ್ಕೆ ಹಳೆಯ ತಿಥಿಯೇ ಸರಿಯೆಂದು ಆ ಊರು ಇಂದಿಗೂ ಪಾಲಿಸುತ್ತಿದೆ. ಕ್ರಿಸ್ಮಸ್ಸಿಗೆ ನಾಲ್ಕೈದು ವಾರ ಮೊದಲಿನ ಒಂದು ಭಾನುವಾರ ಪುಡಿಂಗ್ ಕಲಸುವ ದಿನ. ಮನೆಯವರೆಲ್ಲ ಒಬ್ಬರಾದ ಮೇಲೊಬ್ಬರು, ಮಗುವಿನಿಂದ ಅಜ್ಜಿಯವರೆಗೆ, ಪೂರ್ವದಿಂದ ಪಶ್ಚಿಮಕ್ಕೆ ಸೌಟು ತಿರುಗಿಸಿ ಮನಸ್ಸಿನಲ್ಲೊಂದು ಬಯಕೆ ನೆನೆಯುತ್ತಾರೆ.

ನನಗೆ ಬಹಳ ಹಿಡಿಸಿದ್ದು ತೋಟದ ಗೇಟು ತೆರೆಯುವ ಪದ್ಧತಿ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸುಗಳಿಗೆ ಹಣ ಕೂಡಿಸಲು 1927ರಲ್ಲಿ 609 ತೋಟಗಳ ಒಡೆಯರು ತಲೆಗೊಂದು ಶಿಲ್ಲಿಂಗ್ ಪಡೆದು ಜನರನ್ನು ಒಳಗೆ ಬಿಟ್ಟರು. ಆ ನ್ಯಾಷನಲ್ ಗಾರ್ಡನ್ ಸ್ಕೀಮ್ ಈಗಲೂ ನಡೆಯುತ್ತಿದೆ. ಇಂದು ಸಾಮಾನ್ಯರ ಪುಟ್ಟ ಹಿತ್ತಿಲುಗಳೂ ಅದರಲ್ಲಿವೆ. ಹೂ ನೋಡಿ, ಮನೆಯಾಕೆ ಮಾಡಿದ ಕೇಕು ತಿಂದು, ಚಹಾ ಕುಡಿದು ಬರಬಹುದು. ವೆಸ್ಟ್ ಯಾರ್ಕ್‌ಷೈರಿನ ಟಾಡ್‌ಮರ್ಡನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2008ರಲ್ಲಿ ಪ್ಯಾಮ್ ವಾರ್‌ಹರ್ಸ್ಟ್ ಮತ್ತು ಮೇರಿ ಕ್ಲಿಯರ್ ಅವರು ನೆರೆಯವರನ್ನು ಕೂಡಿಸಿ ಪೊಲೀಸ್ ಠಾಣೆಯ ಮುಂದೆ, ಆಸ್ಪತ್ರೆಯ ಅಂಚಿನಲ್ಲಿ, ಬೀದಿ ಬದಿಯಲ್ಲಿ ಸೊಪ್ಪು ತರಕಾರಿ ನೆಟ್ಟು, ಬೇಕಾದವರು ಕಿತ್ತುಕೊಳ್ಳಿ ಎಂದರು.

ಅಲಾಟ್‌ಮೆಂಟಿನ ನೆಲ ಈಗ ವಲಸೆ ಬಂದವರದ್ದೂ ಆಗಿದೆ. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನ ಅಪ್‌ಲ್ಯಾಂಡ್ಸ್ ತೋಟಗಳಲ್ಲಿ ಪಂಜಾಬಿನವರು, ಬಾಂಗ್ಲಾದವರು, ಕೆರಿಬಿಯನ್ ದ್ವೀಪಗಳಿಂದ ಬಂದವರು ಕೂಡಿ ಬೆಳೆಯುತ್ತಾರೆ. ಅಲ್ಲಿ ಕೊತ್ತಂಬರಿ, ಮೆಂತ್ಯ ಸೊಪ್ಪಿನ ಪಕ್ಕದಲ್ಲೇ ಆಲೂಗಡ್ಡೆಯ ಸಾಲು. ಗಾಜಿನ ಮನೆಯೊಳಗೆ ಸೋರೆಕಾಯಿ. ಹೊಸ ದೇಶದಲ್ಲಿ ಬೇರೂರಲು ಕಚೇರಿಯ ಕಾಗದಗಳಿಗಿಂತ ಇಂಥ ಮಡಿಗಳು ಹೆಚ್ಚು ನೆರವಾಗುತ್ತವೆಂದು ನಾನು ನಂಬಿದ್ದೇನೆ. ಬೀಜ ಕೊಡುವುದಕ್ಕೂ, ಗೊಂಡೆಹುಳುವಿನ ಕಾಟದ ಬಗ್ಗೆ ಗೊಣಗುವುದಕ್ಕೂ ಇಂಗ್ಲಿಷ್ ವ್ಯಾಕರಣ ಬೇಕಿಲ್ಲ.

ಚಿತ್ರವೆಲ್ಲ ಹಸಿರೇ ಎಂದು ಹೇಳಿದರೆ ತಪ್ಪಾಗುತ್ತದೆ. ಇಂದು ಬ್ರಿಟನ್ನಿನ ಜನ ಪಡೆಯುವ ಕ್ಯಾಲೊರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸುಗಳಿಂದ ಬರುತ್ತಿದೆ. 2010ರಿಂದ ಟಿ.ವಿ.ಯಲ್ಲಿ ಡೇರೆಯೊಳಗಿನ ಕೇಕ್ ಸ್ಪರ್ಧೆಯನ್ನು ಲಕ್ಷಾಂತರ ಜನ ನೋಡುತ್ತಾರೆ. ನೋಡಿದವರೆಲ್ಲ ಹಿಟ್ಟು ಕಲಸುವುದಿಲ್ಲ. ಎರಡು ಕಡೆ ದುಡಿದು ದಣಿದು ಬರುವ ತಾಯಿಗೆ ಮಾರ್ಮಲೇಡ್ ಕಾಯಿಸಲು ಎರಡು ಗಂಟೆ ಎಲ್ಲಿಂದ ಬರಬೇಕು? ಯುದ್ಧಕಾಲದ 14 ಲಕ್ಷ ತಾಕುಗಳಲ್ಲಿ ಈಗ ಉಳಿದಿರುವುದು ಮೂರು ಲಕ್ಷಕ್ಕೆ ಸ್ವಲ್ಪ ಮೇಲೆ. ಮನೆ ಕಟ್ಟುವವರ ಕಣ್ಣು ಅವುಗಳ ಮೇಲಿದೆ. ಕಾನೂನು ಕಾಯುತ್ತದೆ, ಆದರೆ ಆ ಕಾನೂನನ್ನು ನೆನಪಿಸಿ ಕೇಳುವ ಜನ ಇರುವಲ್ಲಿ ಮಾತ್ರ. ನೆಲವೂ ಬಿಡುವೂ ಇಲ್ಲದವರಿಗೆ ಮನೆಯಡುಗೆಯ ಹಿರಿಮೆ ಬೋಧಿಸುವುದು ಅನ್ಯಾಯ. ಮೊದಲು ಅವೆರಡನ್ನೂ ಒದಗಿಸಬೇಕು.

ಈ ಸಭೆಯಲ್ಲಿ ಕುಳಿತ ಅನೇಕರ ಮಕ್ಕಳು ಲಂಡನ್, ಮ್ಯಾಂಚೆಸ್ಟರ್, ಲೆಸ್ಟರ್‌ಗಳಲ್ಲಿ ಆಸ್ಪತ್ರೆಗಳಲ್ಲೋ ಕಂಪ್ಯೂಟರ್ ಕಂಪನಿಗಳಲ್ಲೋ ಕೆಲಸದಲ್ಲಿದ್ದಾರೆ. ಯುಗಾದಿ, ದೀಪಾವಳಿಗೆ ಅಲ್ಲಿನ ಕನ್ನಡ ಬಳಗಗಳಲ್ಲಿ ಸೇರುತ್ತಾರೆ, ಒಳ್ಳೆಯದೇ. ಅವರಿಗೆ ನನ್ನ ಒಂದು ಮಾತನ್ನು ಮುಟ್ಟಿಸಿ: ಊರಾಡಳಿತದ ಅಲಾಟ್‌ಮೆಂಟ್ ಪಟ್ಟಿಯಲ್ಲಿ ನಿಮ್ಮ ಹೆಸರನ್ನೂ ಬರೆಸಿ. ಕೆಲವೆಡೆ ಸರದಿ ಬರಲು ವರ್ಷಗಳೇ ಹಿಡಿಯುತ್ತವೆ, ಆದ್ದರಿಂದ ಈ ವಾರವೇ ಬರೆಸಿ. ನಿಮ್ಮ ಊರಿನಲ್ಲಿ ತಾಕುಗಳೇ ಇಲ್ಲದಿದ್ದರೆ ಬೀದಿಯ ಐದು ಮಂದಿಯನ್ನು ಜೊತೆಗೆ ಸೇರಿಸಿಕೊಂಡು ಅರ್ಜಿ ಕೊಡಿ. ಕಾನೂನು ಕೇಳುವುದು ಆರೇ ಸಹಿ.